ಗಂಟು ಗಟ್ಟಿಯಾಗುವುದೇಕೆ? ಸ್ತನ ಕ್ಯಾನ್ಸರಿನಲ್ಲಿ ಉತ್ಕರ್ಷಕ ಕಿಣ್ವಗಳ ಪಾತ್ರ

ಹೆಚ್ಚಿಟ್ಟ ಬದನೆಕಾಯಿ ಹೋಳುಗಳು ಸ್ವಲ್ಪ ಹೊತ್ತಿನಲ್ಲಿ ಕಂದು ಬಣ್ಣಕ್ಕೆ ತಿರುಗುವುದನ್ನು ನೀವೆಲ್ಲ ನೋಡಿದ್ದೀರಿ. ಅವುಗಳ ಮೇಲೆ ನಿಂಬೆ ರಸ ಸವರಿದರೆ ಬಣ್ಣ ಅಷ್ಟು ಬೇಗ ಬದಲಾಗುವುದಿಲ್ಲ. ನಿಂಬೆಗೆ ಹೆಸರಾದ ಇಂಡಿ ತಾಲ್ಲೂಕಿನ ಮನೆಗಳಲ್ಲಿ ಈ ಪ್ರಯೋಗಕ್ಕೆ ಬೇಕಾದ ಸಾಮಗ್ರಿ ಯಾವಾಗಲೂ ಕೈಗೆ ಸಿಗುತ್ತದೆ. ಹೋಳು ಕಂದಾಗುವುದಕ್ಕೆ ಕಾರಣ ಅದರೊಳಗಿನ ಒಂದು ಕಿಣ್ವ. ಇದರ ಹೆಸರು ಪಾಲಿಫೀನಾಲ್ ಆಕ್ಸಿಡೇಸ್. ತನ್ನಲ್ಲಿರುವ ತಾಮ್ರದ ನೆರವಿನಿಂದ ಇದು ಗಾಳಿಯ ಆಕ್ಸಿಜನ್ನನ್ನು ಬಳಸಿಕೊಂಡು ಬದನೆಯ ಫೀನಾಲ್‌ಗಳನ್ನು ಉತ್ಕರ್ಷಿಸುತ್ತದೆ. ನಿಂಬೆಯ ಆಮ್ಲ ಕಿಣ್ವದ ವೇಗವನ್ನು ತಗ್ಗಿಸುತ್ತದೆ.

ತಾಮ್ರವನ್ನು ಒಳಗೊಂಡ ಇಂಥದೇ ಇನ್ನೊಂದು ಆಕ್ಸಿಡೇಸ್ ನಮ್ಮ ದೇಹದಲ್ಲಿಯೂ ಇದೆ. ಮೂಳೆ, ಚರ್ಮ, ರಕ್ತನಾಳಗಳು ಗಟ್ಟಿಮುಟ್ಟಾಗಿರಲು ಅದು ಬೇಕೇ ಬೇಕು. ಆದರೆ ಸ್ತನದಲ್ಲಿ ಬೆಳೆದ ಕ್ಯಾನ್ಸರ್ ಗಂಟು ಬೆರಳಿಗೆ ಕಲ್ಲಿನಂತೆ ತಾಗುವುದರಲ್ಲಿಯೂ, ಆ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡುವುದರಲ್ಲಿಯೂ ಇದೇ ಕಿಣ್ವದ ಕೈವಾಡವಿದೆ. ಈ ರಸಾಯನ ಕ್ರಿಯೆಯನ್ನು ಅರಿತುಕೊಳ್ಳುವುದು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ತಾಲ್ಲೂಕುಗಳ ಶಿಕ್ಷಕರಿಗೆ ಮತ್ತು ವಿದ್ಯಾರ್ಥಿಗಳಿಗೆ ಪಾಠಕ್ಕಷ್ಟೇ ಅಲ್ಲ, ಮನೆಯವರ ಜೀವಕ್ಕೂ ಸಂಬಂಧಿಸಿದ ವಿಷಯ. ಹೇಗೆಂದು ನೋಡೋಣ.

ಏಕೆ ಈ ವಿಷಯ?

ಭಾರತದ ಮಹಿಳೆಯರಲ್ಲಿ ಇಂದು ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಸ್ತನ ಕ್ಯಾನ್ಸರ್. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಆ ಒಂದು ವರ್ಷದಲ್ಲಿ ನಮ್ಮ ದೇಶದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೊಸ ರೋಗಿಗಳು ಪತ್ತೆಯಾದರು. ಸುಮಾರು 98 ಸಾವಿರ ಮಂದಿ ಅದೇ ರೋಗದಿಂದ ಸತ್ತರು. ಸಾವಿನ ಸಂಖ್ಯೆ ಇಷ್ಟು ದೊಡ್ಡದಾಗಿರಲು ಮುಖ್ಯ ಕಾರಣಗಳಲ್ಲಿ ಒಂದು, ಬಹಳ ಮಂದಿ ರೋಗ ಮುಂದುವರಿದ ಮೇಲೆ ವೈದ್ಯರ ಬಳಿಗೆ ಬರುವುದು.

ಸ್ತನಕ್ಕೆ ಸೀಮಿತವಾದ ಗಂಟನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಸಾಮಾನ್ಯವಾಗಿ ಸಾವಿಗೆ ಕಾರಣವಾಗುವುದು ಈ ಮೂಲ ಗಂಟಲ್ಲ. ಮೂಳೆ, ಶ್ವಾಸಕೋಶ, ಯಕೃತ್ತು, ಮಿದುಳುಗಳಿಗೆ ಹರಡಿದ ಅದರ ಸಂತಾನ. ಹಾಗಾಗಿ ಎರಡು ಪ್ರಶ್ನೆಗಳು ಮುಖ್ಯವಾಗುತ್ತವೆ. ಗಂಟು ಬೆಳೆಯುವುದು ಹೇಗೆ? ಅದು ಹರಡುವುದು ಹೇಗೆ? ಎರಡಕ್ಕೂ ಉತ್ತರ ಹುಡುಕುವಾಗ ಉತ್ಕರ್ಷಕ ಕಿಣ್ವಗಳು ಎದುರಾಗುತ್ತವೆ.

ಬೆಳೆಸುವ ಕಿಣ್ವ: ಅರೋಮಟೇಸ್

ಸ್ತನ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಈಸ್ಟ್ರೊಜನ್ ಎಂಬ ಹಾರ್ಮೋನಿನ ಪ್ರಚೋದನೆಯಿಂದ ಬೆಳೆಯುತ್ತವೆ. ಅಂಥ ಕ್ಯಾನ್ಸರ್ ಕೋಶಗಳಲ್ಲಿ ಈಸ್ಟ್ರೊಜನ್ನನ್ನು ಹಿಡಿದುಕೊಳ್ಳುವ ಗ್ರಾಹಿಗಳಿರುತ್ತವೆ. ಮುಟ್ಟು ನಿಂತ ಮೇಲೆ ಅಂಡಾಶಯ ಈ ಹಾರ್ಮೋನನ್ನು ತಯಾರಿಸುವುದಿಲ್ಲ. ಆದರೂ ದೇಹದಲ್ಲಿ ಅದು ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಎಲ್ಲಿಂದ ಬರುತ್ತದೆ?

ಕೊಬ್ಬಿನ ಅಂಗಾಂಶದಲ್ಲಿ ಅರೋಮಟೇಸ್ ಎಂಬ ಕಿಣ್ವವಿದೆ. ಅದು ಆಂಡ್ರೊಜನ್ ಹಾರ್ಮೋನುಗಳನ್ನು ಮೂರು ಉತ್ಕರ್ಷಣ ಹಂತಗಳಲ್ಲಿ ಈಸ್ಟ್ರೊಜನ್ನಾಗಿ ಮಾರ್ಪಡಿಸುತ್ತದೆ. ಪ್ರತಿ ಹಂತಕ್ಕೂ ಒಂದು ಆಕ್ಸಿಜನ್ ಅಣು ಖರ್ಚಾಗುತ್ತದೆ. ಸ್ತನದ ಕೊಬ್ಬಿನಲ್ಲಿಯೂ ಈ ಕಿಣ್ವ ಇರುವುದರಿಂದ ಗಂಟಿನ ಪಕ್ಕದಲ್ಲಿಯೇ ಅದರ ಆಹಾರ ತಯಾರಾದಂತೆ! ಮುಟ್ಟು ನಿಂತ ನಂತರ ಅತಿಯಾದ ಬೊಜ್ಜು ಸ್ತನ ಕ್ಯಾನ್ಸರಿನ ಸಾಧ್ಯತೆಯನ್ನು ಹೆಚ್ಚಿಸಲು ಇದೊಂದು ಕಾರಣ.

ಈ ಕಿಣ್ವವನ್ನು ಕಟ್ಟಿಹಾಕುವ ಔಷಧಗಳು ನಮ್ಮಲ್ಲಿವೆ. ಲೆಟ್ರೊಜೋಲ್, ಅನಾಸ್ಟ್ರೊಜೋಲ್, ಎಕ್ಸೆಮೆಸ್ಟೇನ್ ಇವು ದಿನಕ್ಕೊಂದರಂತೆ ನುಂಗುವ ಮಾತ್ರೆಗಳು. ಈಸ್ಟ್ರೊಜನ್ ಗ್ರಾಹಿಗಳಿರುವ ಕ್ಯಾನ್ಸರಿಗೆ ಇವನ್ನು ಶಸ್ತ್ರಚಿಕಿತ್ಸೆಯ ನಂತರ ವರ್ಷಗಟ್ಟಲೆ ಕೊಡುತ್ತಾರೆ. ರೋಗ ಮರುಕಳಿಸುವುದು ಇದರಿಂದ ಕಡಿಮೆಯಾಗಿದೆ. ಉತ್ಕರ್ಷಕ ಕಿಣ್ವವೊಂದನ್ನು ಗುರಿಯಾಗಿಸಿದ ಚಿಕಿತ್ಸೆ ಗೆದ್ದುದಕ್ಕೆ ಇದು ಒಳ್ಳೆಯ ಉದಾಹರಣೆ. ಇನ್ನು ಹರಡಲು ನೆರವಾಗುವ ಕಿಣ್ವದ ಕಡೆಗೆ ತಿರುಗೋಣ. ಅಲ್ಲಿ ಕಥೆ ಇಷ್ಟು ಸುಲಭವಾಗಿಲ್ಲ.

ಹಗ್ಗ ಹೆಣೆಯುವ ಕಿಣ್ವ: ಲೈಸಿಲ್ ಆಕ್ಸಿಡೇಸ್

ನಮ್ಮ ದೇಹದಲ್ಲಿ ಅತಿ ಹೆಚ್ಚು ಪ್ರಮಾಣದಲ್ಲಿರುವ ಪ್ರೋಟೀನ್ ಕೊಲಾಜನ್. ಮೂರು ಎಳೆಗಳನ್ನು ಹುರಿ ಮಾಡಿದ ಹಗ್ಗದಂತೆ ಅದರ ರಚನೆ. ಜೀವಕೋಶಗಳ ನಡುವಿನ ಜಾಗದಲ್ಲಿ ಈ ಹಗ್ಗಗಳು ಹಾಸಿಕೊಂಡಿರುತ್ತವೆ. ಅವು ಸುಮ್ಮನೆ ಒಂದರ ಪಕ್ಕ ಒಂದು ಬಿದ್ದಿದ್ದರೆ ಎಳೆದಾಗ ಜಾರಿಬಿಡುತ್ತವೆ. ಹೊರಸಿಗೆ ಹಗ್ಗ ಹೆಣೆಯುವಾಗ ಉದ್ದ ಎಳೆಗಳಿಗೆ ಅಡ್ಡ ಎಳೆಗಳನ್ನು ಸಿಕ್ಕಿಸಿ ಬಿಗಿಯುವುದನ್ನು ನೆನಪಿಸಿಕೊಳ್ಳಿ. ಕೊಲಾಜನ್ ಹಗ್ಗಗಳಿಗೂ ಅಂಥ ಅಡ್ಡ ಬಂಧಗಳು ಬೇಕು. ಆ ಬಂಧಗಳಿಗೆ ನಾಂದಿ ಹಾಡುವ ಕಿಣ್ವವೇ ಲೈಸಿಲ್ ಆಕ್ಸಿಡೇಸ್. ಪಿನೆಲ್ ಮತ್ತು ಮಾರ್ಟಿನ್ ಎಂಬ ವಿಜ್ಞಾನಿಗಳು ಮೂಳೆಯ ಸಾರದಲ್ಲಿ ಇದರ ಕೆಲಸವನ್ನು ತೋರಿಸಿದ್ದು 1968ರಲ್ಲಿ.

ಕೊಲಾಜನ್ನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಅಲ್ಲಲ್ಲಿ ಇರುತ್ತದೆ. ಲೈಸಿನ್ನಿನ ತುದಿಯಲ್ಲಿ ಒಂದು ಅಮೈನೊ ಗುಂಪು ಇದೆ. ಕಿಣ್ವವು ಅದನ್ನು ತೆಗೆದು ಆ ಜಾಗದಲ್ಲಿ ಆಲ್ಡಿಹೈಡ್ ಗುಂಪನ್ನು ಉಂಟುಮಾಡುತ್ತದೆ. ಕ್ರಿಯೆಯನ್ನು ಹೀಗೆ ಬರೆಯಬಹುದು:

ಲೈಸಿನ್ + ಆಕ್ಸಿಜನ್ + ನೀರು → ಆಲ್ಡಿಹೈಡ್ + ಅಮೋನಿಯ + ಹೈಡ್ರೊಜನ್ ಪೆರಾಕ್ಸೈಡ್

ಆಲ್ಡಿಹೈಡ್ ಬಹಳ ಚುರುಕಾದ ಗುಂಪು. ಅದು ಪಕ್ಕದ ಹಗ್ಗದಲ್ಲಿರುವ ಇನ್ನೊಂದು ಆಲ್ಡಿಹೈಡ್ ಅಥವಾ ಅಮೈನೊ ಗುಂಪಿನೊಡನೆ ತಾನಾಗಿಯೇ ಸೇರಿ ಭದ್ರವಾದ ಬಂಧವನ್ನು ಏರ್ಪಡಿಸಿಕೊಳ್ಳುತ್ತದೆ. ಕೊಲಾಜನ್ ಎಳೆಗಳನ್ನು ಹೆಣೆದರೆ ಏನಾಗುತ್ತದೆ ಎಂಬುದಕ್ಕೆ ನಿತ್ಯಜೀವನದಲ್ಲಿಯೂ ಉದಾಹರಣೆಯಿದೆ. ಹಸಿ ತೊಗಲನ್ನು ತಂಗಡಿ ತೊಗಟೆಯ ರಸದಲ್ಲಿ ನೆನೆಹಾಕಿ ಹದ ಮಾಡಿದಾಗ ಟ್ಯಾನಿನ್ನುಗಳು ಅದರ ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುತ್ತವೆ. ಕೊಳೆಯಬೇಕಾದ ತೊಗಲು ವರ್ಷಗಟ್ಟಲೆ ಬಾಳುವ ಚಪ್ಪಲಿಯಾಗುತ್ತದೆ. ರಸಾಯನ ಬೇರೆ, ತತ್ತ್ವ ಒಂದೇ.

ಈ ಕಿಣ್ವವನ್ನು ಶತ್ರು ಎಂದುಕೊಳ್ಳಬೇಡಿ. ಲೈಸಿಲ್ ಆಕ್ಸಿಡೇಸ್ ಇಲ್ಲದಂತೆ ಮಾಡಿದ ಇಲಿಮರಿಗಳು ಮಹಾಪಧಮನಿ ಊದಿ, ಒಡೆದು ಹುಟ್ಟುವ ಹೊತ್ತಿಗೇ ಸಾಯುತ್ತವೆ. ಗಾಯ ಮಾಯುವುದಕ್ಕೂ ಅದು ಬೇಕು. ಸಮಸ್ಯೆ ಇರುವುದು ಅದು ತಪ್ಪು ಜಾಗದಲ್ಲಿ, ತಪ್ಪು ಪ್ರಮಾಣದಲ್ಲಿ ಕೆಲಸ ಮಾಡಿದಾಗ.

ಗಡಸುತನ ಬರೀ ಲಕ್ಷಣವಲ್ಲ

ಸ್ತನದ ಗಂಟು ಗಟ್ಟಿಯಾಗಿರುವುದು ರೋಗದ ಲಕ್ಷಣವೆಂದು ವೈದ್ಯರಿಗೆ ಸಾವಿರಾರು ವರ್ಷಗಳಿಂದ ಗೊತ್ತಿತ್ತು. ಆದರೆ ಆ ಗಡಸುತನವೇ ರೋಗವನ್ನು ಮುಂದಕ್ಕೆ ತಳ್ಳುತ್ತದೆ ಎಂಬುದು ಇತ್ತೀಚಿನ ತಿಳಿವಳಿಕೆ.

ಇಲಿಗಳ ಸ್ತನದ ಅಂಗಾಂಶವನ್ನು ಅಳೆದಾಗ ಆರೋಗ್ಯವಂತ ಅಂಗಾಂಶದ ಗಡಸುತನ ಸುಮಾರು 170 ಪಾಸ್ಕಲ್ ಇತ್ತು. ಗಂಟಿನದು ಸುಮಾರು 4000 ಪಾಸ್ಕಲ್. ಅಂದರೆ ಇಪ್ಪತ್ತು ಪಟ್ಟಿಗಿಂತ ಹೆಚ್ಚು. ಈ ಅಳತೆ 2005ರಲ್ಲಿ ಪ್ರಕಟವಾಯಿತು. ಅಮೆರಿಕದ ವ್ಯಾಲೆರಿ ವೀವರ್ ಅವರ ತಂಡ 2009ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಸ್ತನ ಕ್ಯಾನ್ಸರ್ ಬರುವ ತಳಿಯ ಇಲಿಗಳಲ್ಲಿ ಲೈಸಿಲ್ ಆಕ್ಸಿಡೇಸನ್ನು ತಡೆಹಿಡಿದಾಗ ಕೊಲಾಜನ್ ಬಂಧಗಳು ಕಡಿಮೆಯಾದವು, ಅಂಗಾಂಶ ಮೆತ್ತಗಾಯಿತು, ಗಂಟುಗಳು ಕಾಣಿಸಿಕೊಳ್ಳುವುದೂ ತಡವಾಯಿತು.

ಇದು ಹೇಗೆ ಸಾಧ್ಯ? ಜೀವಕೋಶದ ಹೊರಪೊರೆಯಲ್ಲಿ ಇಂಟಿಗ್ರಿನ್ ಎಂಬ ಪ್ರೋಟೀನುಗಳಿವೆ. ಇವು ಕೋಶದ ಬೆರಳುಗಳಿದ್ದಂತೆ. ಹೊರಗಿನ ಕೊಲಾಜನ್ನನ್ನು ಹಿಡಿದು ಎಳೆದು ನೋಡುತ್ತವೆ. ಮೆತ್ತಗಿದ್ದರೆ ಎಳೆ ಸಡಿಲವಾಗುತ್ತದೆ, ಕೋಶ ಸುಮ್ಮನಿರುತ್ತದೆ. ಗಟ್ಟಿಯಾಗಿದ್ದರೆ ಇಂಟಿಗ್ರಿನ್‌ಗಳು ಗುಂಪುಗೂಡಿ ಕೋಶದೊಳಗೆ ‘ವಿಭಜನೆ ಹೊಂದು, ಚಲಿಸು’ ಎಂಬ ಸಂಕೇತಗಳನ್ನು ಕಳಿಸುತ್ತವೆ. ಬಿಗಿದು ನೇರವಾದ ಕೊಲಾಜನ್ ಎಳೆಗಳು ಕೋಶಗಳು ಹೊರಗೆ ನುಸುಳಲು ಹಳಿಗಳಂತೆಯೂ ಒದಗುತ್ತವೆ. ಹೀಗೆ ಗಡಸುತನದಿಂದ ಬೆಳವಣಿಗೆ, ಬೆಳವಣಿಗೆಯಿಂದ ಇನ್ನಷ್ಟು ಗಡಸುತನ ಎಂಬ ಚಕ್ರ ಆರಂಭವಾಗುತ್ತದೆ.

ಉಸಿರುಕಟ್ಟಿದ ಗಂಟು ದೂರಕ್ಕೆ ಕೈಚಾಚುತ್ತದೆ

ಗಂಟು ಬೆಳೆದಂತೆ ರಕ್ತನಾಳಗಳಿಂದ ದೂರವಿರುವ ಕೋಶಗಳಿಗೆ ಆಕ್ಸಿಜನ್ ಸಾಲದಾಗುತ್ತದೆ. ಆಗ ಹಿಫ್-1 ಎಂಬ ಪ್ರೋಟೀನ್ ಎಚ್ಚೆತ್ತು ಅನೇಕ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಜೀವಕೋಶಗಳು ಆಕ್ಸಿಜನ್ ಮಟ್ಟವನ್ನು ಗ್ರಹಿಸುವ ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ್ದಕ್ಕಾಗಿ ಕೇಲಿನ್, ರ್‍ಯಾಟ್‌ಕ್ಲಿಫ್ ಮತ್ತು ಸೆಮೆನ್ಜಾ ಅವರಿಗೆ 2019ರ ನೊಬೆಲ್ ಬಹುಮಾನ ಬಂದಿತು. ಹಿಫ್-1 ಚಾಲೂ ಮಾಡುವ ಜೀನ್‌ಗಳಲ್ಲಿ ಲೈಸಿಲ್ ಆಕ್ಸಿಡೇಸಿನ ಜೀನ್ ಕೂಡ ಒಂದು.

ಜ್ಯಾನಿನ್ ಅರ್ಲರ್, ಅಮಾಟೊ ಜಿಯಾಚಿಯಾ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯವಾದದ್ದು. ಈಸ್ಟ್ರೊಜನ್ ಗ್ರಾಹಿಗಳಿಲ್ಲದ ಸ್ತನ ಕ್ಯಾನ್ಸರ್ ಇದ್ದವರಲ್ಲಿ ಈ ಕಿಣ್ವ ಹೆಚ್ಚಾಗಿದ್ದರೆ ರೋಗ ದೂರದ ಅಂಗಗಳಿಗೆ ಹರಡುವುದೂ ಹೆಚ್ಚಾಗಿತ್ತು. ಇಲಿಗಳಲ್ಲಿ ಕಿಣ್ವವನ್ನು ತಡೆದಾಗ ಹರಡುವಿಕೆ ನಿಂತಿತು. ಮುಂದಿನ ಸಂಶೋಧನೆಗಳು ಇನ್ನೂ ಅಚ್ಚರಿಯ ಸಂಗತಿಯನ್ನು ತಿಳಿಸಿದವು. ಗಂಟು ಸ್ರವಿಸಿದ ಲೈಸಿಲ್ ಆಕ್ಸಿಡೇಸ್ ರಕ್ತದಲ್ಲಿ ಸಾಗಿ, ಕ್ಯಾನ್ಸರ್ ಕೋಶಗಳು ತಲಪುವ ಮೊದಲೇ ಶ್ವಾಸಕೋಶದ ಕೊಲಾಜನ್ನನ್ನು ಹೆಣೆದು ಅವಕ್ಕೆ ನೆಲೆ ಸಿದ್ಧಪಡಿಸುತ್ತದೆ (2009). ಮೂಳೆಯಲ್ಲಿ ಸಣ್ಣ ಸಣ್ಣ ಸವೆತಗಳನ್ನು ಉಂಟುಮಾಡಿ ಕೋಶಗಳು ಬೀಡುಬಿಡಲು ಜಾಗ ಮಾಡಿಕೊಡುತ್ತದೆ (2015). ಬಿತ್ತುವ ಮೊದಲು ಹೊಲ ಹರಗಿ ಹದಮಾಡಿದಂತೆ!

ಇಲ್ಲಿ ಚುರುಕಾದ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳಬಹುದು. ಕಿಣ್ವಕ್ಕೆ ಆಕ್ಸಿಜನ್ ಬೇಕು. ಆದರೆ ಅದು ತಯಾರಾಗುವುದು ಆಕ್ಸಿಜನ್ ಕೊರತೆಯಿದ್ದಾಗ. ಇದು ವಿರೋಧವಲ್ಲವೇ? ಅಲ್ಲ. ಕೊರತೆಯೆಂದರೆ ಪೂರ್ತಿ ಇಲ್ಲವೆಂದಲ್ಲ. ಅಲ್ಲದೆ ಕಿಣ್ವ ತಯಾರಾಗುವುದು ಕೋಶದೊಳಗೆ, ಕೆಲಸ ಮಾಡುವುದು ಕೋಶದ ಹೊರಗೆ. ಅದು ತಲಪುವ ಶ್ವಾಸಕೋಶದಂಥ ಜಾಗಗಳಲ್ಲಿ ಆಕ್ಸಿಜನ್ನಿಗೆ ಬರವಿಲ್ಲ.

ಹೂಗಿಡ ಕೊಟ್ಟ ಸುಳಿವು

ಮೇಲಿನ ಪ್ರಯೋಗಗಳಲ್ಲಿ ಕಿಣ್ವವನ್ನು ತಡೆಯಲು ಬಳಸಿದ ವಸ್ತುಗಳಲ್ಲಿ ಒಂದು ಬೀಟಾ ಅಮೈನೊ ಪ್ರೊಪಿಯೊನೈಟ್ರೈಲ್. ಇದು ಸ್ವೀಟ್ ಪೀ ಎಂಬ ಹೂಗಿಡದ ಬೀಜದ ವಿಷದಿಂದ ತಿಳಿದುಬಂದದ್ದು. 1933ರಲ್ಲಿ ಈ ಬೀಜ ತಿನ್ನಿಸಿದ ಇಲಿಗಳ ಮೂಳೆಗಳು ಸೊಟ್ಟಗಾದದ್ದು ಕಂಡುಬಂತು. ಅಡ್ಡ ಬಂಧಗಳಿಲ್ಲದೆ ಕೊಲಾಜನ್ ದುರ್ಬಲವಾದುದೇ ಅದಕ್ಕೆ ಕಾರಣವೆಂದು ಮುಂದೆ ಗೊತ್ತಾಯಿತು. ಈ ಸ್ಥಿತಿಗೆ ಮೂಳೆಯ ಲ್ಯಾಥಿರಿಸಂ ಎಂದು ಹೆಸರು.

ಲ್ಯಾಥಿರಿಸಂ ಎಂದೊಡನೆ ನಿಮಗೆ ಕೇಸರಿ ಬೇಳೆ ನೆನಪಾಗಬಹುದು. ಅದು ಅದೇ ಕುಲದ ಇನ್ನೊಂದು ಸಸ್ಯ. ಬರಗಾಲದಲ್ಲಿ ಅದನ್ನೇ ತಿಂದು ಬದುಕಿದವರಿಗೆ ಕಾಲುಗಳ ಸ್ವಾಧೀನ ತಪ್ಪುತ್ತಿತ್ತು. ಅದರ ವಿಷ ಬೇರೆ. ಅದು ನರಗಳನ್ನು ಬಾಧಿಸುತ್ತದೆ. ಓಡಾಪ್ ಎಂಬ ಆ ವಸ್ತುವನ್ನು ಬೇರ್ಪಡಿಸಿ ಅದರ ರಚನೆಯನ್ನು 1964ರಲ್ಲಿ ಪ್ರಕಟಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾವ್, ಅಡಿಗ ಮತ್ತು ಶರ್ಮ. ಎರಡೂ ವಿಷಗಳಿಗೆ ಒಂದೇ ಹೆಸರು ಅಂಟಿಕೊಂಡಿರುವುದರಿಂದ ಗೊಂದಲವಾಗುತ್ತದೆ. ಲೈಸಿಲ್ ಆಕ್ಸಿಡೇಸನ್ನು ತಡೆಯುವುದು ಹೂಗಿಡದ ವಿಷವೇ ಹೊರತು ಕೇಸರಿ ಬೇಳೆಯ ಓಡಾಪ್ ಅಲ್ಲ.

ಔಷಧ ಏಕೆ ಬಂದಿಲ್ಲ?

ಇಲಿಗಳಲ್ಲಿ ಫಲ ಕೊಟ್ಟ ಮೇಲೆ ಮನುಷ್ಯರಿಗೆ ಏಕೆ ಕೊಡಬಾರದು? ಹೂಗಿಡದ ವಸ್ತು ಮನುಷ್ಯರಿಗೆ ವಿಷಕಾರಿ. ಲೈಸಿಲ್ ಆಕ್ಸಿಡೇಸಿನ ಕುಟುಂಬದಲ್ಲಿ ಐದು ಕಿಣ್ವಗಳಿವೆ. ಎಲ್ಲವಕ್ಕೂ ದೇಹದಲ್ಲಿ ಸಹಜವಾದ ಕೆಲಸಗಳಿವೆ. ಅವುಗಳಲ್ಲಿ ಒಂದನ್ನು ಮಾತ್ರ ಗುರಿಯಾಗಿಸಿದ ಸಿಮ್ಟುಜುಮಾಬ್ ಎಂಬ ಪ್ರತಿಕಾಯವನ್ನು ಮೇದೋಜೀರಕಾಂಗ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್ ರೋಗಿಗಳ ಮೇಲೆ ಪರೀಕ್ಷಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶಗಳಂತೆ ಅದರಿಂದ ಲಾಭವಾಗಲಿಲ್ಲ. ದೇಹದ ತಾಮ್ರವನ್ನು ತಗ್ಗಿಸುವ ಔಷಧವನ್ನು ಸ್ತನ ಕ್ಯಾನ್ಸರಿನ ಕೆಲವು ರೋಗಿಗಳಿಗೆ ಕೊಟ್ಟು ನೋಡಿದ್ದಾರೆ. ಅದು ಸಣ್ಣ ಪರೀಕ್ಷೆ. ಚಿಕಿತ್ಸೆಯಾಗಿ ಇನ್ನೂ ಸ್ಥಾಪಿತವಾಗಿಲ್ಲ.

ಇಷ್ಟು ಓದಿದವರಿಗೆ ಕೆಲವು ತಪ್ಪು ಊಹೆಗಳು ಬರಬಹುದು. ನಿಂಬೆ ರಸ ಬದನೆಯ ಕಿಣ್ವವನ್ನು ತಡೆಯುತ್ತದೆ. ಕುಡಿದ ನಿಂಬೆ ರಸ ಸ್ತನದ ಗಂಟಿನ ಕಿಣ್ವವನ್ನು ತಡೆಯುವುದಿಲ್ಲ. ತಾಮ್ರದ ತಂಬಿಗೆಯ ನೀರು ಬಿಟ್ಟರೆ ಕ್ಯಾನ್ಸರ್ ಹೋಗುವುದಿಲ್ಲ, ಕುಡಿದರೆ ಬರುವುದೂ ಇಲ್ಲ. ಉತ್ಕರ್ಷಣ ತಡೆಯುವ ಮಾತ್ರೆಗಳೆಂದು ಮಾರುವವು ಶಸ್ತ್ರಚಿಕಿತ್ಸೆಗೆ ಬದಲಿಯಲ್ಲ. ಸೂಜಿ ಚುಚ್ಚಿ ಪರೀಕ್ಷಿಸಿದರೆ ಗಂಟು ಹರಡುತ್ತದೆ ಎಂಬ ಭಯವೂ ಬೇಡ. ಪರೀಕ್ಷಿಸದೆ ಬಿಟ್ಟ ತಿಂಗಳುಗಳಲ್ಲಿಯೇ ಅದು ಹರಡುವುದು.

ನಮ್ಮ ಕೈಯಲ್ಲಿರುವುದು ಸಮಯ

ಬೆಳೆಸುವ ಕಿಣ್ವಕ್ಕೆ ಮಾತ್ರೆಯಿದೆ. ಹರಡಿಸುವ ಕಿಣ್ವಕ್ಕೆ ಇನ್ನೂ ಇಲ್ಲ. ಆದ್ದರಿಂದ ಅದು ತನ್ನ ಕೆಲಸ ಮುಗಿಸುವ ಮೊದಲು ಗಂಟನ್ನು ತೆಗೆಯುವುದೊಂದೇ ದಾರಿ. ಅದೃಷ್ಟವೆಂದರೆ ಈ ಕಿಣ್ವ ತನ್ನ ಗುರುತನ್ನು ತಾನೇ ಬಿಟ್ಟುಕೊಡುತ್ತದೆ. ಅದೇ ಬೆರಳಿಗೆ ತಾಗುವ ಗಡಸುತನ. ಕೊಲಾಜನ್ ಎಳೆಗಳು ಬಿಗಿದು ಒಳಕ್ಕೆ ಎಳೆದಾಗ ಚರ್ಮದಲ್ಲಿ ಗುಳಿ ಬೀಳಬಹುದು, ಮೊಲೆತೊಟ್ಟು ಒಳಸರಿಯಬಹುದು. ತೊಟ್ಟಿನಿಂದ ರಕ್ತ ಬೆರೆತ ಸ್ರಾವ, ಕಂಕುಳಲ್ಲಿ ಗಂಟು ಇವೂ ಎಚ್ಚರಿಕೆಯ ಚಿಹ್ನೆಗಳು.

ಆದರೆ ಒಂದು ಚಿಹ್ನೆ ಬಹುಮಟ್ಟಿಗೆ ಇರುವುದಿಲ್ಲ: ನೋವು. “ನೋವಿಲ್ಲಲ್ರೀ, ಹಂಗ ಬಿಟ್ಟೀನಿ” ಎನ್ನುವ ಮಾತೇ ಅನೇಕರನ್ನು ತಡಮಾಡಿಸುತ್ತದೆ. ಕೊಲಾಜನ್ ಹೆಣೆಯುವ ಕ್ರಿಯೆ ನೋವುಂಟುಮಾಡುವ ಕ್ರಿಯೆಯಲ್ಲ. ಹಾಗೆಂದು ಗಾಬರಿಯೂ ಬೇಡ. ಸ್ತನದಲ್ಲಿ ಕಾಣುವ ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಗಂಟು ಕೆಲವೊಮ್ಮೆ ಮೆತ್ತಗೂ ಇರಬಹುದು. ಯಾವುದು ಏನೆಂದು ಹೇಳಬೇಕಾದವರು ವೈದ್ಯರು.

ಕೈಯಿಂದ ಮುಟ್ಟಿ ನೋಡುವ ಸರಳ ಪರೀಕ್ಷೆಗೆ ಬೆಲೆಯಿದೆಯೇ? ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಆರಂಭಿಸಿದ ಅಧ್ಯಯನದಲ್ಲಿ 35ರಿಂದ 64 ವರ್ಷದ 1,51,538 ಮಹಿಳೆಯರಿದ್ದರು. ಒಂದು ಗುಂಪಿನವರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆಯಂತೆ ನಾಲ್ಕು ಸಲ ಕೈಯಿಂದ ಪರೀಕ್ಷಿಸಿದರು. ಇಪ್ಪತ್ತು ವರ್ಷಗಳ ನಂತರ, 2021ರಲ್ಲಿ ಬಂದ ಫಲಿತಾಂಶ ಹೀಗಿದೆ: ಪರೀಕ್ಷೆಗೆ ಒಳಗಾದ ಗುಂಪಿನಲ್ಲಿ ರೋಗ ಮೊದಲಿನ ಹಂತಗಳಲ್ಲಿ ಪತ್ತೆಯಾಯಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಶೇ. 30ರಷ್ಟು ತಗ್ಗಿತು. 50ರೊಳಗಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಯಂತ್ರವಿಲ್ಲದೆ, ಬೆರಳುಗಳಿಂದ ಆದ ಲಾಭ ಇದು!

ಇಂಡಿಯಿಂದ ಭೀಮಾ ನದಿ ದಾಟಿದರೆ ಸೊಲ್ಲಾಪುರ ಜಿಲ್ಲೆ. ಅಲ್ಲಿನ ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಕಾರ್ಯಕರ್ತರು ಹಳ್ಳಿಹಳ್ಳಿಗೆ ಹೋಗಿ ರೋಗಿಗಳನ್ನು ದಾಖಲಿಸುವುದರ ಜೊತೆಗೆ ಜನರಿಗೆ ರೋಗದ ಚಿಹ್ನೆಗಳನ್ನು ತಿಳಿಸಿ ಹೇಳಿದರು. ಕೆಲವೇ ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರಿನವರು ಮೊದಲಿಗಿಂತ ಬೇಗ, ಆರಂಭದ ಹಂತದಲ್ಲಿಯೇ ಬರುವುದು ಹೆಚ್ಚಿತು. ಅಲ್ಲಿಯದು ಬೇರೆ ಅಂಗದ ಕ್ಯಾನ್ಸರ್. ಆದರೆ ಪಾಠ ಒಂದೇ. ಮಾತಾಡಿದರೆ ಜನ ಬೇಗ ಬರುತ್ತಾರೆ.

ಈಗ 30 ದಾಟಿದ ಮಹಿಳೆಯರಿಗೆ ಸ್ತನ ತಪಾಸಣೆ ಮಾಡುವುದು ಸರಕಾರದ ಆರೋಗ್ಯ ಕಾರ್ಯಕ್ರಮದ ಭಾಗ. ಊರಿನ ಆಶಾ ಕಾರ್ಯಕರ್ತೆಯನ್ನು, ಉಪಕೇಂದ್ರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕೇಳಬಹುದು. ಮುಂದಿನ ಪರೀಕ್ಷೆಗೆ ವಿಜಯಪುರದ ಆಸ್ಪತ್ರೆಗಳಿವೆ. ಕ್ಯಾನ್ಸರ್ ಚಿಕಿತ್ಸೆಗೆ ಕಲಬುರಗಿಯ ಕಿದ್ವಾಯಿ ಘಟಕ, ಹುಬ್ಬಳ್ಳಿಯ ಕ್ಯಾನ್ಸರ್ ಸಂಸ್ಥೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇವೆ. ಬಡ ಕುಟುಂಬಗಳಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ನೆರವು ದೊರೆಯುತ್ತದೆ. ದಾರಿ ದೂರವೇ ಸರಿ. ಆದರೆ ತೊಗರಿ ರಾಶಿ ಮುಗಿಯಲಿ, ಮಗಳ ಮದುವೆ ಆಗಲಿ ಎಂದು ಮುಂದೂಡಿದರೆ ಕಿಣ್ವ ಕಾಯುವುದಿಲ್ಲ.

ಮಾಡಿ ನೋಡಿ

1. ಬದನೆಯ ನಾಲ್ಕು ಹೋಳು ತೆಗೆದುಕೊಳ್ಳಿ. ಒಂದನ್ನು ಹಾಗೆಯೇ ಬಿಡಿ. ಒಂದಕ್ಕೆ ನಿಂಬೆ ರಸ ಸವರಿ. ಒಂದನ್ನು ಉಪ್ಪು ನೀರಿನಲ್ಲಿಡಿ. ಒಂದನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಅದ್ದಿ ತೆಗೆಯಿರಿ. ಅರ್ಧ ಗಂಟೆಯ ನಂತರ ಹೋಲಿಸಿ. ಕಿಣ್ವದ ಮೇಲೆ ಆಮ್ಲ, ಉಪ್ಪು ಮತ್ತು ಉಷ್ಣದ ಪ್ರಭಾವವನ್ನು ಚರ್ಚಿಸಿ.

2. ಔಷಧದ ಅಂಗಡಿಯಲ್ಲಿ ಸಿಗುವ ದುರ್ಬಲ ಹೈಡ್ರೊಜನ್ ಪೆರಾಕ್ಸೈಡನ್ನು ಹಸಿ ಆಲೂಗೆಡ್ಡೆಯ ಚೂರಿನ ಮೇಲೆ ಶಿಕ್ಷಕರ ಎದುರಿನಲ್ಲಿ ಹಾಕಿ. ನೊರೆ ಬರುತ್ತದೆ. ಲೈಸಿಲ್ ಆಕ್ಸಿಡೇಸ್ ಉಂಟುಮಾಡುವ ಪೆರಾಕ್ಸೈಡನ್ನು ನಮ್ಮ ಕೋಶಗಳಲ್ಲಿಯೂ ಕೆಟಲೇಸ್ ಎಂಬ ಕಿಣ್ವ ಹೀಗೆಯೇ ಒಡೆಯುತ್ತದೆ. ಬೇಯಿಸಿದ ಚೂರಿನ ಮೇಲೆ ಹಾಕಿದರೆ ಏನಾಗುತ್ತದೆ?

3. ಹತ್ತು ದಾರಗಳನ್ನು ಒಂದು ಚೌಕಟ್ಟಿಗೆ ಉದ್ದಕ್ಕೆ ಸಡಿಲವಾಗಿ ಕಟ್ಟಿ, ಬೆರಳಿನಿಂದ ಒತ್ತಿ ನೋಡಿ. ನಂತರ ಅಡ್ಡ ದಾರಗಳನ್ನು ಹೆಣೆದು ಒತ್ತಿ ನೋಡಿ. ಎಷ್ಟು ಬಂಧಗಳಿಗೆ ಎಷ್ಟು ಬಿಗಿ ಬಂತು?

ಸ್ತನ ಕ್ಯಾನ್ಸರಿನ ಬಗ್ಗೆ ನೇರವಾಗಿ ಮಾತಾಡಲು ಅನೇಕ ಶಿಕ್ಷಕರಿಗೆ ಸಂಕೋಚವಾಗಬಹುದು. ಮೂರನೆಯ ಪ್ರಯೋಗ ಮಾಡಿಸಿ, ಬಿಗಿದ ಹೆಣಿಗೆಯನ್ನು ಬೆರಳಿನಿಂದ ಮುಟ್ಟಿಸಿ, ಇಂಥ ಗಟ್ಟಿ ಗಂಟು ದೇಹದಲ್ಲಿ ಎಲ್ಲಿ ಕಂಡರೂ ನೋವಿರಲಿ ಇಲ್ಲದಿರಲಿ ಆ ವಾರವೇ ತೋರಿಸಬೇಕು ಎಂದು ಹೇಳಿ. ಮಕ್ಕಳು ಆ ಮಾತನ್ನು ಮನೆಗೆ ಒಯ್ಯುತ್ತಾರೆ. ಅವ್ವ, ಅತ್ತೆ, ಅಕ್ಕಂದಿರಿಗೆ ಅದು ತಲಪಲಿ.